80,000 ರೂಪಾಯಿಯಲ್ಲಿ ವಿನ್ಯಾಸಕ್ಕೂ ಆಟಕ್ಕೂ ಒಂದೇ ಕಂಪ್ಯೂಟರ್: ಮೊದಲ ಬಾರಿ ಜೋಡಿಸುವವರಿಗೆ

2025ರ ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿರುವ ನನ್ನ ಅಕ್ಕನ ಮಗಳು ವಿನ್ಯಾಸ ಪದವಿಗೆ ಸೇರುವ ಮುನ್ನ ಕಂಪ್ಯೂಟರ್ ಬೇಕೆಂದಳು. ಅಕ್ಕ ಅದಕ್ಕಾಗಿ 80,000 ರೂಪಾಯಿ ಎತ್ತಿಟ್ಟಿದ್ದಳು. ಮಾನಿಟರ್, ಯುಪಿಎಸ್, ಕೀಬೋರ್ಡ್ ಎಲ್ಲವೂ ಅದರೊಳಗೇ ಆಗಬೇಕಿತ್ತು. ಫೋಟೋಶಾಪ್, ಇಲ್ಲಸ್ಟ್ರೇಟರ್ ಮತ್ತು ಮೂರು ಆಯಾಮದ ದೃಶ್ಯ ರಚಿಸುವ ಬ್ಲೆಂಡರ್ ಸರಾಗವಾಗಿ ನಡೆಯಬೇಕು, ರಾತ್ರಿ ತಮ್ಮನ ಜೊತೆ ಕೂತು ಆಟವನ್ನೂ ಆಡಬೇಕು ಎಂಬುದು ಅವಳ ಬೇಡಿಕೆ. ಇದೇ ಬೇಡಿಕೆಯನ್ನು ಇಷ್ಟೇ ಹಣದಲ್ಲಿ ಪೂರೈಸಿಕೊಳ್ಳಬೇಕಾದವರು ಬಹಳ ಮಂದಿ ಇರುವುದರಿಂದ, ಆ ಕಂಪ್ಯೂಟರನ್ನು ಆರಿಸಿ ಜೋಡಿಸಿದ ಬಗೆಯನ್ನೇ ಆಧಾರವಾಗಿಟ್ಟುಕೊಂಡು, ಅದರಲ್ಲಿ ನಾನು ಮಾಡಿದ ಎರಡು ತಪ್ಪುಗಳನ್ನೂ ಮುಚ್ಚಿಡದೆ ಇಲ್ಲಿ ಬರೆಯುತ್ತಿದ್ದೇನೆ.

ಯಾವ ತಂತ್ರಾಂಶ ಯಾವುದಕ್ಕಾಗಿ ಕಾಯುತ್ತದೆ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯ ಮೇಲೆ ನೀವು ದಿನವೂ ಬಳಸುವ ತಂತ್ರಾಂಶಗಳ ಹೆಸರನ್ನು ಬರೆದುಕೊಳ್ಳಿ. ಎಲ್ಲ ತಂತ್ರಾಂಶಗಳೂ ಒಂದೇ ಬಿಡಿಭಾಗವನ್ನು ದುಡಿಸುವುದಿಲ್ಲ. ಇಲ್ಲಸ್ಟ್ರೇಟರ್ ಹೆಚ್ಚಿನ ಕೆಲಸವನ್ನು ಪ್ರೊಸೆಸರಿನ ಒಂದೇ ಕೋರ್, ಅಂದರೆ ಲೆಕ್ಕ ಮಾಡುವ ಒಂದೇ ಘಟಕದ ಮೇಲೆ ಹೊರಿಸುತ್ತದೆ. ಅದಕ್ಕೆ ಹದಿನಾರು ಕೋರ್ ಕೊಟ್ಟರೆ ಹದಿನೈದು ಸುಮ್ಮನೆ ಕೂತಿರುತ್ತವೆ. ಫೋಟೋಶಾಪ್‌ಗೆ ಚುರುಕಾದ ಕೋರ್ ಜೊತೆಗೆ ಧಾರಾಳವಾದ ರ‍್ಯಾಮ್ ಬೇಕು. ಫ್ಲೆಕ್ಸ್ ಬ್ಯಾನರ್ ಅಳತೆಯ ಕಡತವೊಂದರಲ್ಲಿ ಮೂವತ್ತು ಲೇಯರ್ ಆದಾಗ 16 ಜಿಬಿ ರ‍್ಯಾಮ್ ತುಂಬಿ, ಮಿಕ್ಕಿದ್ದನ್ನು ಅದು ಎಸ್‌ಎಸ್‌ಡಿಯ ಮೇಲೆ ಬರೆಯತೊಡಗುತ್ತದೆ, ಕುಂಚ ಕೈಗಿಂತ ಹಿಂದೆ ಬೀಳುವುದು ಆಗಲೇ. ಬ್ಲೆಂಡರ್‌ನ ಸೈಕಲ್ಸ್ ಎಂಜಿನ್ ಮಾಡುವ ರೆಂಡರ್, ಅಂದರೆ ದೃಶ್ಯವನ್ನು ಅಂತಿಮ ಚಿತ್ರವಾಗಿಸುವುದು, ಬಹುಪಾಲು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಆಟಗಳಲ್ಲೂ ಮೊದಲ ಪಾಲು ಗ್ರಾಫಿಕ್ಸ್ ಕಾರ್ಡಿಗೇ ಸೇರಬೇಕು, ಪ್ರೊಸೆಸರ್ ಎರಡನೆಯದು.

ಹಾಗಾಗಿ ವಿನ್ಯಾಸ ಮತ್ತು ಆಟ ಎರಡನ್ನೂ ಬಯಸುವವರ ಅಗತ್ಯಗಳು ಒಂದಕ್ಕೊಂದು ವಿರುದ್ಧವಾಗಿಲ್ಲ. ಎರಡಕ್ಕೂ ಗ್ರಾಫಿಕ್ಸ್ ಕಾರ್ಡೇ ಮುಖ್ಯ. ಆಟಗಾರನಿಗೆ ಅಷ್ಟಾಗಿ ಬೇಕಿಲ್ಲದ ಹೆಚ್ಚಿನ ರ‍್ಯಾಮ್ ಮತ್ತು ಬಣ್ಣ ನಂಬಬಹುದಾದ ಮಾನಿಟರ್ ವಿನ್ಯಾಸಕನಿಗೆ ಬೇಕು, ಅಷ್ಟೇ ವ್ಯತ್ಯಾಸ. ಹಣವನ್ನು ಬಣ್ಣಬಣ್ಣದ ದೀಪಗಳಿಂದ, ಗಾಜಿನ ಕ್ಯಾಬಿನೆಟ್‌ನಿಂದ, ನೀರಿನಿಂದ ತಂಪಾಗುವ ಕೂಲರ್‌ನಿಂದ ಕಿತ್ತು ಈ ಎರಡಕ್ಕೆ ಹಾಕಬೇಕು.

ಗ್ರಾಫಿಕ್ಸ್ ಕಾರ್ಡ್

ಒಟ್ಟು ಹಣದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಇದಕ್ಕೆಂದೇ ಮೀಸಲಿಡುವುದು ಒಳ್ಳೆಯದು. ಬರೀ ಆಟಕ್ಕಾದರೆ ಎಎಂಡಿಯ ಆರ್‌ಎಕ್ಸ್ 6600 ಅಥವಾ 7600 ಕೊಟ್ಟ ಹಣಕ್ಕೆ ಹೆಚ್ಚು ಫ್ರೇಮ್ ಕೊಡುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಬ್ಲೆಂಡರ್ ಬಳಸುವವರ ಲೆಕ್ಕ ಬೇರೆ. ಎನ್‌ವಿಡಿಯಾ ಕಾರ್ಡುಗಳು ಆಪ್ಟಿಕ್ಸ್ ಎಂಬ ಮಾರ್ಗದ ಮೂಲಕ, ಎಎಂಡಿ ಕಾರ್ಡುಗಳು ಹಿಪ್ ಎಂಬ ಮಾರ್ಗದ ಮೂಲಕ ರೆಂಡರ್ ಮಾಡುತ್ತವೆ. ಹಿಪ್ ಕೆಲಸ ಮಾಡುತ್ತದೆಯಾದರೂ ಅದೇ ಬೆಲೆಯ ಎನ್‌ವಿಡಿಯಾ ಕಾರ್ಡಿನ ವೇಗ ಅದಕ್ಕಿಲ್ಲ. ಈ ಕಾರಣಕ್ಕೆ ನಾವು ಎನ್‌ವಿಡಿಯಾ ಎಂದು ನಿರ್ಧರಿಸಿದೆವು.

ಆಮೇಲೆ ಉಳಿದದ್ದು 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಬೇಕೋ, 8 ಜಿಬಿಯ ಆರ್‌ಟಿಎಕ್ಸ್ 4060 ಬೇಕೋ ಎಂಬ ಪ್ರಶ್ನೆ. 4060 ಹೊಸ ಪೀಳಿಗೆಯದು, 115 ವ್ಯಾಟ್ ಮಾತ್ರ ಕೇಳುತ್ತದೆ, ಮೆಮೊರಿಯೊಳಗೆ ಹಿಡಿಯುವ ದೃಶ್ಯವನ್ನು 3060ಕ್ಕಿಂತ ಬೇಗ ರೆಂಡರ್ ಮಾಡುತ್ತದೆ. 3060 ಬಂದದ್ದು 2021ರಲ್ಲಿ, ಅದಕ್ಕೆ 170 ವ್ಯಾಟ್ ಬೇಕು. ಆದರೆ ಬ್ಲೆಂಡರ್ ದೃಶ್ಯದ ಆಕೃತಿಗಳು ಮತ್ತು ಅವುಗಳ ಮೇಲ್ಮೈಗೆ ಹೊದಿಸುವ ಟೆಕ್ಸ್‌ಚರ್‌ಗಳೆಲ್ಲ ಕಾರ್ಡಿನ ಮೆಮೊರಿಯೊಳಗೇ ಕೂರಬೇಕು. ಕೂರದಿದ್ದರೆ ರೆಂಡರ್ ಆಮೆಯ ನಡಿಗೆಗೆ ಇಳಿಯುತ್ತದೆ, ಇಲ್ಲವೇ ಮೆಮೊರಿ ಸಾಲದೆಂದು ಅರ್ಧಕ್ಕೇ ನಿಲ್ಲುತ್ತದೆ. ನಿಧಾನವಾದ ಕಾರ್ಡು ಸ್ವಲ್ಪ ಕಾಯಿಸುತ್ತದೆ; ಮೆಮೊರಿ ಸಾಲದ ಕಾರ್ಡು ಕೆಲಸವನ್ನೇ ನಿಲ್ಲಿಸುತ್ತದೆ. ಈ ಒಂದು ಕಾರಣಕ್ಕೆ 3060 ತೆಗೆದುಕೊಂಡೆವು. ನಿಮ್ಮ ಕೆಲಸ ಪೋಸ್ಟರ್, ಲೋಗೋ, ಪುಸ್ತಕದ ಮುಖಪುಟಗಳಲ್ಲೇ ಮುಗಿಯುವುದಾದರೆ ಈ ವಾದ ನಿಮಗೆ ಅನ್ವಯಿಸುವುದಿಲ್ಲ, ಆಗ 8 ಜಿಬಿಯ ಹೊಸ ಕಾರ್ಡೇ ಸರಿ. ಒಂದು ಎಚ್ಚರಿಕೆ: 3050 ಎಂಬ ಒಂದೇ ಹೆಸರಿನಲ್ಲಿ 8 ಜಿಬಿಯದೂ 6 ಜಿಬಿಯದೂ ಇವೆ, ಇವೆರಡರ ನಡುವಿನ ವ್ಯತ್ಯಾಸ ಮೆಮೊರಿಯದಷ್ಟೇ ಅಲ್ಲ, 6 ಜಿಬಿಯದು ಒಟ್ಟಾರೆ ದುರ್ಬಲವಾದ ಕಾರ್ಡು.

ಸೆಕೆಂಡ್ ಹ್ಯಾಂಡ್ ಕಾರ್ಡಿನ ಬೆಲೆ ಆಸೆ ಹುಟ್ಟಿಸುತ್ತದೆ. 2021 ಮತ್ತು 2022ರಲ್ಲಿ ಕ್ರಿಪ್ಟೋ ನಾಣ್ಯಗಳ ಗಣಿಗಾರಿಕೆಯಲ್ಲಿ ಹಗಲೂ ರಾತ್ರಿ ದುಡಿದ ಕಾರ್ಡುಗಳು ಇನ್ನೂ ಮಾರುಕಟ್ಟೆಯಲ್ಲಿವೆ. ದೋಷ ಎಲ್ಲಿದೆಯೆಂದು ಗುರುತಿಸುವ ಅನುಭವವಿಲ್ಲದ ಮೊದಲ ಜೋಡಣೆಗೆ ಅವು ಬೇಡ.

ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್

ಈ ಬಜೆಟ್ಟಿಗೆ ಆರು ಕೋರ್, ಹನ್ನೆರಡು ಥ್ರೆಡ್‌ಗಳ ಪ್ರೊಸೆಸರ್ ಸಾಕು. ಎಎಂಡಿಯ ರೈಝನ್ 5 5600 ಮತ್ತು ಇಂಟೆಲ್‌ನ ಕೋರ್ ಐ5 12400ಎಫ್ ಎರಡೂ 2022ರವು, ಎರಡೂ ಹೆಚ್ಚು ಕಡಿಮೆ ಒಂದೇ ತೂಕದವು. ಇಂಟೆಲ್ ಹೆಸರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ವಿಡಿಯೋ ಸಂಕಲನ ಹೆಚ್ಚಾಗಿ ಮಾಡುವವರು ಸ್ವಲ್ಪ ಹಣ ಸೇರಿಸಿ ‘ಎಫ್’ ಇಲ್ಲದ 12400 ಕೊಳ್ಳುವುದು ಲೇಸು, ಏಕೆಂದರೆ ಅದರೊಳಗಿನ ಕ್ವಿಕ್ ಸಿಂಕ್ ಎಂಬ ಭಾಗ ಕ್ಯಾಮೆರಾದ ವಿಡಿಯೋವನ್ನು ಬಿಡಿಸಿ ತೋರಿಸುವ ಹೊರೆಯನ್ನು ತಾನೇ ಹೊರುತ್ತದೆ.

ನಾವು 5600 ಕೊಂಡೆವು. ಅಂಗಡಿಯಲ್ಲಿ ಕೇಳಿದಾಗ ‘5600ಜಿ ತಗೊಳ್ಳಿ ಸರ್, ಒಳಗೇ ಗ್ರಾಫಿಕ್ಸ್ ಇರುತ್ತೆ’ ಎಂಬ ಸಲಹೆ ಬಂತು. ಬೇರೆ ಕಾರ್ಡು ಹಾಕದವರಿಗೆ ಅದು ಒಳ್ಳೆಯ ಸಲಹೆಯೇ. ಕಾರ್ಡು ಹಾಕುವವರಿಗೆ ಅದರಿಂದ ನಷ್ಟ: 5600ರ ಎಲ್3 ಕ್ಯಾಶ್, ಅಂದರೆ ಪ್ರೊಸೆಸರಿನೊಳಗಿನ ವೇಗದ ಪುಟ್ಟ ಮೆಮೊರಿ, 32 ಎಂಬಿ, 5600ಜಿಯದು 16 ಎಂಬಿ, ಕಾರ್ಡು ಮತ್ತು ಎಸ್‌ಎಸ್‌ಡಿಗಳ ಜೊತೆ ದತ್ತಾಂಶ ಸಾಗುವ ಪಿಸಿಐಇ ದಾರಿಯಲ್ಲಿ ಮೊದಲನೆಯದು 4.0 ಕೊಡುತ್ತದೆ, ಎರಡನೆಯದು 3.0ಕ್ಕೇ ನಿಲ್ಲುತ್ತದೆ. ಹೆಸರಿನ ಬಾಲದ ಒಂದಕ್ಷರಕ್ಕೆ ಇಷ್ಟು ಬೆಲೆಯಿದೆ.

5600 ಕೂರುವ ಎಎಂ4 ಸಾಕೆಟ್ ಹಳೆಯದು, ಅದಕ್ಕೆ ಹೊಸ ಪೀಳಿಗೆಯ ಪ್ರೊಸೆಸರುಗಳು ಬರುವುದಿಲ್ಲ. ಎಂಟು ಕೋರ್‌ಗಳ 5700ಎಕ್ಸ್ ಅದೇ ಬೋರ್ಡಿಗೆ ಹೊಂದುತ್ತದೆ, ಅಷ್ಟರ ಮಟ್ಟಿಗೆ ಮುಂದಿನ ದಾರಿ ಇದೆ. 2022ರಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಮುಂದೆಯೂ ಹೊಸ ಪ್ರೊಸೆಸರುಗಳು ಬರುತ್ತವೆಯಾದರೂ ಅದು ಡಿಡಿಆರ್5 ರ‍್ಯಾಮನ್ನು ಮಾತ್ರ ಒಪ್ಪುತ್ತದೆ, ಬೋರ್ಡಿನ ಬೆಲೆಯೂ ಹೆಚ್ಚು. ಐದು ವರ್ಷದ ನಂತರ ಬರೀ ಪ್ರೊಸೆಸರ್ ಬದಲಾಯಿಸುತ್ತೇನೆ ಎಂದು ಖಚಿತವಾಗಿ ಹೇಳಬಲ್ಲವರು ಎಎಂ5 ಹಿಡಿಯಲಿ. ಪದವಿ ಮುಗಿದು ಕೈಗೆ ಸಂಬಳ ಬರುವ ತನಕ ಒದಗಿದರೆ ಸಾಕು ಎನ್ನುವವರು ಎಎಂ4ನಲ್ಲಿ ಉಳಿಸಿದ ಹಣವನ್ನು ಕಾರ್ಡಿಗೆ ಹಾಕಲಿ.

ಮದರ್‌ಬೋರ್ಡ್ ಬಿ550 ಇರಲಿ, ಎ520 ಬೇಡ. ಎ520ರಲ್ಲಿ ಪಿಸಿಐಇ 4.0 ಇಲ್ಲ. ರ‍್ಯಾಮ್‌ಗೆ ನಾಲ್ಕು ಸ್ಲಾಟ್ ಇರುವುದನ್ನೇ ಆರಿಸಿ. ರ‍್ಯಾಮನ್ನು ಒಂದೇ ಕಡ್ಡಿಯಾಗಿ ಕೊಳ್ಳದೆ ಜೋಡಿಯಾಗಿ ಕೊಳ್ಳಬೇಕು. ಎರಡು ಕಡ್ಡಿಗಳಿದ್ದಾಗ ಪ್ರೊಸೆಸರ್ ಎರಡು ದಾರಿಗಳಲ್ಲಿ ಏಕಕಾಲಕ್ಕೆ ಓದಿ ಬರೆಯುತ್ತದೆ, ಆಟಗಳಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ನನ್ನ ಮೊದಲ ತಪ್ಪು ಇಲ್ಲಿಯದು. 32 ಜಿಬಿ ಬೇಕೆಂದು ಗೊತ್ತಿದ್ದೂ, ‘ಈಗ 8ರ ಎರಡು ಹಾಕೋಣ, ಇನ್ನೆರಡು ಮುಂದಿನ ವರ್ಷ’ ಎಂದು ಹಣ ಉಳಿಸಿದೆ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ರ‍್ಯಾಮ್ ಬೆಲೆ ಗಗನಕ್ಕೇರಿತು. ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆ ಗ್ರಾಹಕರಿಗೆ ಕ್ರೂಷಿಯಲ್ ಹೆಸರಿನಲ್ಲಿ ಮಾರುತ್ತಿದ್ದ ವ್ಯವಹಾರವನ್ನೇ ಬಿಡುವುದಾಗಿ ಘೋಷಿಸಿತು. ಅಕ್ಕನ ಮಗಳ ಕಂಪ್ಯೂಟರಿನ ಎರಡು ಸ್ಲಾಟ್ ಇನ್ನೂ ಖಾಲಿ ಇವೆ. ಈಗ ಕೊಳ್ಳುವವರು ರ‍್ಯಾಮ್ ಬೆಲೆಯನ್ನು ಮೊದಲು ವಿಚಾರಿಸಿಕೊಂಡು ಆಮೇಲೆ ಉಳಿದ ಪಟ್ಟಿಯನ್ನು ಮಾಡುವುದು ಒಳಿತು. ಹಳೆಯ ಕಂಪ್ಯೂಟರಿನಲ್ಲಿ ಎಎಂ4 ಬೋರ್ಡಿಗೆ ಹೊಂದುವ ಡಿಡಿಆರ್4 ಕಡ್ಡಿಗಳಿದ್ದರೆ ಅವನ್ನು ಎಸೆಯಬೇಡಿ, ಮಾರಲೂಬೇಡಿ.

ಸಂಗ್ರಹಕ್ಕೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಒಂದು ಸಾಕು. ಪಿಸಿಐಇಯ ಮೂರನೆಯ ಪೀಳಿಗೆಯದು ಸೆಕೆಂಡಿಗೆ ಸುಮಾರು 3,500 ಎಂಬಿ ಓದಿದರೆ ನಾಲ್ಕನೆಯದು 7,000 ಎಂಬಿ ತನಕ ಓದುತ್ತದೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಕಾಣುವ ಈ ಅಂತರ ಫೋಟೋಶಾಪ್ ತೆರೆಯುವಾಗ ಅನುಭವಕ್ಕೆ ಬರುವುದಿಲ್ಲ.

ಕರೆಂಟಿನ ವಿಚಾರ

ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಬಿಡಿಭಾಗಗಳಿಗೆ ಹೊಂದುವಂತೆ ಬದಲಿಸಿ ಕೊಡುವ, ಆದರೆ ಯಾರೂ ತಲೆ ಕೆಡಿಸಿಕೊಳ್ಳದ ಡಬ್ಬಿ. ಅಂಗಡಿಯವರು ಕ್ಯಾಬಿನೆಟ್ ಜೊತೆಗೇ ‘ಫ್ರೀ’ ಎಂದು ಕೊಡುವ ಎಸ್‌ಎಂಪಿಎಸ್ಸನ್ನು ದಯವಿಟ್ಟು ಬೇಡವೆನ್ನಿ. ಅದರ ಮೇಲೆ 500 ವ್ಯಾಟ್ ಎಂದು ಅಚ್ಚಾಗಿದ್ದರೂ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ 12 ವೋಲ್ಟ್ ದಾರಿಯಲ್ಲಿ ಅದರ ಅರ್ಧವೂ ಸಿಗದಿರಬಹುದು, ಮತ್ತು ಅದು ಕೆಟ್ಟಾಗ ಒಂಟಿಯಾಗಿ ಕೆಡುವುದಿಲ್ಲ. ಲೆಕ್ಕ ಸರಳವಾಗಿದೆ: ಪ್ರೊಸೆಸರಿನ ವಿವರಪಟ್ಟಿಯಲ್ಲಿರುವ 65 ವ್ಯಾಟ್, ಭಾರ ಬಿದ್ದಾಗ ಅದಕ್ಕಿಂತ ತುಸು ಹೆಚ್ಚು, ಕಾರ್ಡಿಗೆ 170, ಬೋರ್ಡ್, ರ‍್ಯಾಮ್, ಫ್ಯಾನ್, ಎಸ್‌ಎಸ್‌ಡಿ ಎಲ್ಲ ಸೇರಿ 50 ಅಥವಾ 60. ಒಟ್ಟು 330 ದಾಟುವುದಿಲ್ಲ. ಆದ್ದರಿಂದ ದಕ್ಷತೆಯ ಗುರುತಾದ 80 ಪ್ಲಸ್ ಬ್ರಾಂಜ್ ಇರುವ, ಹೆಸರಾಂತ ತಯಾರಕರ 550 ವ್ಯಾಟ್ ಎಸ್‌ಎಂಪಿಎಸ್ ಯಥೇಚ್ಛ.

ನಮ್ಮೂರುಗಳ ಮಟ್ಟಿಗೆ ಇದಕ್ಕಿಂತ ದೊಡ್ಡ ವಿಷಯ ಅರ್ಥಿಂಗ್. ಅಕ್ಕನ ಮನೆ ಹಳೆಯದು. ಜೋಡಿಸಿದ ಮರುದಿನ ಅವಳ ಮಗಳು ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಹಿಂಬದಿಯ ಸ್ಕ್ರೂ ಮುಟ್ಟಿದಾಗ ಬೆರಳು ಜುಮ್ಮೆಂದಿತು. ಎಸ್‌ಎಂಪಿಎಸ್ ಒಳಗಿನ ಶೋಧಕದಲ್ಲಿ ಲೈನ್ ಮತ್ತು ನ್ಯೂಟ್ರಲ್‌ಗಳಿಂದ ಲೋಹದ ಕವಚಕ್ಕೆ ಪುಟ್ಟ ಕೆಪಾಸಿಟರುಗಳಿರುತ್ತವೆ. ಅರ್ಥಿಂಗ್ ಇದ್ದಾಗ ಅವುಗಳ ಮೂಲಕ ಬರುವ ಅತ್ಯಲ್ಪ ವಿದ್ಯುತ್ತು ನೆಲಕ್ಕಿಳಿಯುತ್ತದೆ, ಇಲ್ಲದಿದ್ದರೆ ಕವಚದಲ್ಲೇ ನಿಂತು ಮುಟ್ಟಿದವರ ಮೈಮೂಲಕ ಇಳಿಯುತ್ತದೆ. ಇದು ಕಂಪ್ಯೂಟರಿನ ದೋಷವಲ್ಲ, ಆದರೆ ಹಾಗೇ ಬಿಡುವಂಥದ್ದೂ ಅಲ್ಲ. ಎಲೆಕ್ಟ್ರಿಷಿಯನ್ ಬಂದು ಸ್ವಿಚ್‌ಬೋರ್ಡ್ ಬಿಚ್ಚಿದಾಗ ಮೂರನೆಯ ಪಿನ್ನಿನ ಹಿಂದೆ ತಂತಿಯೇ ಇರಲಿಲ್ಲ. ಕಂಪ್ಯೂಟರ್ ಕೊಳ್ಳುವ ಮೊದಲೇ ಈ ಪರೀಕ್ಷೆ ಮಾಡಿಸಿ.

ಯುಪಿಎಸ್ ವಿಷಯದಲ್ಲಿ ವಿಎ ಮತ್ತು ವ್ಯಾಟ್ ಬೇರೆ ಬೇರೆ ಎಂಬುದನ್ನು ಮರೆಯಬಾರದು. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು 360 ವ್ಯಾಟ್ ಮಾತ್ರ. ಮಾನಿಟರನ್ನೂ ಸೇರಿಸಿದರೆ ಆಟದ ಮಧ್ಯೆ ಕರೆಂಟು ಹೋದಾಗ ಅದು ಕಿರುಚಿ ಸುಮ್ಮನಾಗುತ್ತದೆ. 1,000 ವಿಎ ಆಸುಪಾಸಿನದು ಇರಲಿ, ಅದರಿಂದ ಕಡತ ಉಳಿಸಿ ಮುಚ್ಚುವಷ್ಟು ನಿಮಿಷ ಸಿಗುತ್ತದೆ, ಅದಕ್ಕಿಂತ ಹೆಚ್ಚನ್ನು ಅಪೇಕ್ಷಿಸಬೇಡಿ. ಮಲೆನಾಡಿನವರು ಮುಂಗಾರಿಗೆ ಮೊದಲಿನ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗನ್ನಷ್ಟೇ ಅಲ್ಲ, ಲ್ಯಾನ್ ಕೇಬಲನ್ನೂ ಕಿತ್ತಿಡಬೇಕು. ಸಿಡಿಲಿನ ಏಟು ಇಂಟರ್ನೆಟ್ ತಂತಿಯ ಮೂಲಕವೂ ಒಳಗೆ ಬರುತ್ತದೆ.

ಕ್ಯಾಬಿನೆಟ್ಟಿನ ಮುಂಭಾಗ ಜಾಲರಿಯದಾಗಿರಲಿ, ಗಾಜಿನದು ಬೇಡ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಗಾಳಿಯಾಡದ ಪೆಟ್ಟಿಗೆ ಒಲೆಯಾಗುತ್ತದೆ.

ಮಾನಿಟರ್

ವಿನ್ಯಾಸಕನಿಗೆ ಮಾನಿಟರ್ ಎಂದರೆ ಅಕ್ಕಸಾಲಿಗನ ತಕ್ಕಡಿ. ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಐಪಿಎಸ್ ಫಲಕವೇ ಬೇಕು, ಮತ್ತು ತೆರೆಗಳಿಗೆ ಮಾನಕವಾದ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ 99 ಪ್ರತಿಶತ ತೋರಿಸುವಂತಿರಬೇಕು. ಕೆಲವು ಪೆಟ್ಟಿಗೆಗಳ ಮೇಲೆ ಎಸ್‌ಆರ್‌ಜಿಬಿ ಬದಲು ಎನ್‌ಟಿಎಸ್‌ಸಿ ಎಂಬ ಇನ್ನೊಂದು ಬಣ್ಣದಳತೆಯ ಲೆಕ್ಕ ಕೊಟ್ಟಿರುತ್ತಾರೆ: 72 ಪ್ರತಿಶತ ಎನ್‌ಟಿಎಸ್‌ಸಿ ಎಂದರೆ ಸುಮಾರಾಗಿ ಪೂರ್ತಿ ಎಸ್‌ಆರ್‌ಜಿಬಿ, ಆದ್ದರಿಂದ ಅದು ಸರಿ, 45 ಪ್ರತಿಶತ ಎಂದಿದ್ದರೆ ಅದರಲ್ಲಿ ಕುಂಕುಮದ ಕೆಂಪು ಇಟ್ಟಿಗೆಯ ಬಣ್ಣದಂತೆ ಕಾಣುತ್ತದೆ, ನೀವು ಅದನ್ನು ತಿದ್ದಲು ಹೋಗಿ ಕೆಂಪನ್ನು ಏರಿಸುತ್ತೀರಿ, ಮುದ್ರಣಕ್ಕೆ ಹೋದ ಲಗ್ನಪತ್ರಿಕೆ ಕಣ್ಣು ಕುಕ್ಕುತ್ತದೆ. 24 ಇಂಚು, 1080ಪಿ, 100 ಅಥವಾ 144 ಹರ್ಟ್ಜ್ ಇದ್ದರೆ ಆಟಕ್ಕೂ ಸಾಕು. 27 ಇಂಚಿನ ಮಾನಿಟರ್‌ನಲ್ಲಿ 1080ಪಿ ಇಟ್ಟರೆ ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ. ಆ ಗಾತ್ರ ಬೇಕೆನ್ನುವವರು 1440ಪಿ ಕೊಳ್ಳಬೇಕು, ಆದರೆ ಆಗ ಆಟದಲ್ಲಿ ಕಾರ್ಡಿನ ಮೇಲೆ ಬೀಳುವ ಹೊರೆಯೂ ಹೆಚ್ಚುತ್ತದೆ.

ಕೊಳ್ಳುವುದು

ಬೆಂಗಳೂರಿನ ಎಸ್‌ಪಿ ರೋಡ್, ಅಂದರೆ ಟೌನ್‌ಹಾಲ್ ಬಳಿಯ ಸಾದರ್ ಪತ್ರಪ್ಪ ರಸ್ತೆ, ಬಿಡಿಭಾಗಗಳಿಗೆ ಹೆಸರಾದ ಜಾಗ. ನಾವು ಅಲ್ಲಿಗೆ ಹೋಗುವ ಮೊದಲು ಆನ್‌ಲೈನ್ ಬೆಲೆಗಳನ್ನು ಚೀಟಿಯಲ್ಲಿ ಬರೆದುಕೊಂಡಿದ್ದೆವು. ಮೂರು ಅಂಗಡಿಗಳಲ್ಲಿ ಪೂರ್ತಿ ಪಟ್ಟಿಗೆ ಕೊಟೇಶನ್ ಕೇಳಿದಾಗ ಒಟ್ಟು ಮೊತ್ತದಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ, ಆದರೆ ಒಂದೊಂದು ವಸ್ತುವಿಗೆ ಒಬ್ಬೊಬ್ಬರದು ಕಡಿಮೆ ಇತ್ತು. ಬೆಲೆ ಕೇಳುವಾಗ ‘ಜಿಎಸ್‌ಟಿ ಸೇರಿ ಎಷ್ಟು’ ಎಂದೇ ಕೇಳಿ. ಬಿಲ್ ಬೇಡವೆಂದರೆ 18 ಪ್ರತಿಶತ ತೆರಿಗೆ ಬಿಡುತ್ತೇವೆ ಎನ್ನುವವರು ಸಿಗುತ್ತಾರೆ. ಬಿಲ್ಲಿಲ್ಲದೆ ವಾರಂಟಿಗೆ ಅಲೆದಾಡುವ ದಿನ ಬಂದಾಗ ಆ ಉಳಿತಾಯ ನೆನಪಿಗೂ ಬರುವುದಿಲ್ಲ. ಬಿಲ್ಲಿನಲ್ಲಿ ಪ್ರತಿ ವಸ್ತುವಿನ ಸೀರಿಯಲ್ ನಂಬರ್ ಇರಬೇಕು, ಅದು ಪೆಟ್ಟಿಗೆಯ ಮೇಲಿನ ನಂಬರಿಗೂ ವಸ್ತುವಿನ ಮೇಲಿನ ನಂಬರಿಗೂ ತಾಳೆಯಾಗಬೇಕು. ಪ್ರೊಸೆಸರನ್ನು ಸೀಲ್ ಇರುವ ಪೆಟ್ಟಿಗೆಯಲ್ಲೇ ಪಡೆಯಿರಿ. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಮಾರುವ ಟ್ರೇ ಪ್ರೊಸೆಸರಿಗೆ ತಯಾರಕರ ಮೂರು ವರ್ಷದ ವಾರಂಟಿ ಸಿಗುವುದಿಲ್ಲ.

ಜೋಡಣೆ

ಒಂದು ಫಿಲಿಪ್ಸ್ ಸ್ಕ್ರೂಡ್ರೈವರ್, ಬೆಳಕಿರುವ ಮೇಜು, ಸ್ಕ್ರೂ ಹಾಕಿಡಲು ಒಂದು ಸ್ಟೀಲ್ ಬಟ್ಟಲು, ಮೂರು ತಾಸಿನ ಬಿಡುವು ಇಷ್ಟಿದ್ದರೆ ಸಾಕು. ಕಾರ್ಪೆಟ್ ಮೇಲೆ ಕೂರಬೇಡಿ. ಆಗಾಗ ಲೋಹದ ಕಿಟಕಿ ಸರಳನ್ನೋ ನಲ್ಲಿಯನ್ನೋ ಮುಟ್ಟಿದರೆ ಮೈಯಲ್ಲಿ ಸೇರಿದ ಸ್ಥಿರ ವಿದ್ಯುತ್ತು ಇಳಿದು ಹೋಗುತ್ತದೆ.

ಮದರ್‌ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟುಕೊಂಡು, ಕ್ಯಾಬಿನೆಟ್ಟಿನ ಹೊರಗೇ ಕೆಲಸ ಶುರುಮಾಡಬೇಕು. ಎಎಂ4 ಪ್ರೊಸೆಸರಿನ ತಳದಲ್ಲಿ ಸಾವಿರಕ್ಕೂ ಹೆಚ್ಚು ಸೂಕ್ಷ್ಮ ಪಿನ್ನುಗಳಿವೆ. ಅದರ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ಸಾಕೆಟ್ ಪಕ್ಕದ ಸನ್ನೆಕೋಲನ್ನು ಮೇಲೆತ್ತಿ, ಪ್ರೊಸೆಸರನ್ನು ಒತ್ತದೆ ಸುಮ್ಮನೆ ಇಡಬೇಕು. ಸರಿಯಾಗಿ ಹೊಂದಿದರೆ ಅದು ತನ್ನ ಭಾರಕ್ಕೇ ಒಳಗಿಳಿಯುತ್ತದೆ, ಆಮೇಲೆ ಸನ್ನೆಕೋಲನ್ನು ಕೆಳಗಿಳಿಸಿ. ಇಳಿಯದಿದ್ದರೆ ಎತ್ತಿ ನೋಡಿ, ಬಲ ಮಾತ್ರ ಹಾಕಬೇಡಿ. ಇಂಟೆಲ್ ಆದರೆ ಪಿನ್ನುಗಳು ಬೋರ್ಡಿನ ಕಡೆ ಇರುತ್ತವೆ, ಅಲ್ಲಿ ಬೆರಳು ತಾಗಬಾರದು. ರ‍್ಯಾಮ್ ಕಡ್ಡಿಗಳೆರಡನ್ನೂ ಪ್ರೊಸೆಸರಿನ ಪಕ್ಕದಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಇಲ್ಲಿ ಮಾತ್ರ ಧೈರ್ಯವಾಗಿ ಒತ್ತಬೇಕು, ಕ್ಲಿಪ್ ‘ಟಕ್’ ಎನ್ನುವ ತನಕ.

5600 ಪೆಟ್ಟಿಗೆಯಲ್ಲೇ ಬರುವ ಕೂಲರ್ ಈ ಪ್ರೊಸೆಸರಿಗೆ ಸಾಲುತ್ತದೆ. ಅದನ್ನು ಕೂರಿಸಲು ಬೋರ್ಡಿನ ಮೇಲ್ಭಾಗದ ಎರಡು ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಚ್ಚಬೇಕು. ಅವನ್ನು ಬಿಚ್ಚಿದ ಕೂಡಲೇ ಬೋರ್ಡಿನ ಕೆಳಗಿನ ಲೋಹದ ಫಲಕ ಕಳಚಿ ಬೀಳುತ್ತದೆ, ಆದ್ದರಿಂದ ಇನ್ನೊಬ್ಬರು ಅದನ್ನು ಕೆಳಗಿನಿಂದ ಒತ್ತಿ ಹಿಡಿದಿರಬೇಕು. ಕೂಲರಿನ ತಳದಲ್ಲಿ ಥರ್ಮಲ್ ಪೇಸ್ಟ್ ಮೊದಲೇ ಹಚ್ಚಿರುತ್ತದೆ, ಮತ್ತೆ ಹಚ್ಚುವುದು ಬೇಡ. ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಒಂದನ್ನೇ ಪೂರ್ತಿ ಬಿಗಿದರೆ ಆಚೆ ಬದಿ ಎದ್ದು ನಿಲ್ಲುತ್ತದೆ. ಮುಂದೆಂದಾದರೂ ಕೂಲರ್ ತೆಗೆಯಬೇಕಾದರೆ ನೇರ ಮೇಲೆ ಎಳೆಯದೆ ಮೆಲ್ಲಗೆ ತಿರುಚಬೇಕು, ಇಲ್ಲವಾದರೆ ಒಣಗಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್ಟಿನಿಂದಲೇ ಕಿತ್ತುಬರುತ್ತದೆ.

ಬೋರ್ಡನ್ನು ಕ್ಯಾಬಿನೆಟ್ಟಿಗೆ ಇಳಿಸುವ ಮುನ್ನ ಹಿಂಬದಿಯ ಕಿಂಡಿಗಳ ಸುತ್ತ ಕೂರುವ ಐ/ಓ ಶೀಲ್ಡ್ ಎಂಬ ತಗಡನ್ನು ಹಾಕಬೇಕು. ಬೋರ್ಡ್ ಬಿಗಿದ ಮೇಲೆ ಅದು ನೆನಪಾದರೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಬೋರ್ಡಿನ ತೂತುಗಳಿರುವ ಜಾಗದಲ್ಲಿ ಮಾತ್ರ ಬೋರ್ಡನ್ನು ಎತ್ತಿ ಹಿಡಿಯುವ ಸ್ಟ್ಯಾಂಡ್‌ಆಫ್ ಎಂಬ ಹಿತ್ತಾಳೆಯ ಗಿಡ್ಡ ಕಂಬಗಳಿರಲಿ, ತೂತಿಲ್ಲದ ಕಡೆ ಉಳಿದ ಒಂದು ಸ್ಟ್ಯಾಂಡ್‌ಆಫ್ ಬೋರ್ಡಿನ ತಳಕ್ಕೆ ತಾಗಿ ಶಾರ್ಟ್ ಆದೀತು. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಎರಡು ಕೇಬಲ್ ಬೇಕು: ಅಗಲವಾದ 24 ಪಿನ್ನಿನದು ಒಂದು, ಎಡ ಮೇಲ್ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರುವ 8 ಪಿನ್ನಿನದು ಇನ್ನೊಂದು. ಕಾರ್ಡಿಗೆ ಹೋಗುವ 8 ಪಿನ್ನಿನ ಕೇಬಲ್ 6 ಮತ್ತು 2 ಎಂದು ಸೀಳಿಕೊಳ್ಳುತ್ತದೆ, ಪ್ರೊಸೆಸರಿನದು 4 ಮತ್ತು 4 ಎಂದು, ಇವು ಅದಲುಬದಲಾಗಬಾರದು. ಮುಂಭಾಗದ ಪವರ್ ಬಟನ್ನಿನ ಸಣ್ಣ ತಂತಿಗಳನ್ನು ಸಿಕ್ಕಿಸುವಾಗ ಬೋರ್ಡಿನ ಕೈಪಿಡಿಯ ಚಿತ್ರವನ್ನು ಎದುರಿಗಿಟ್ಟುಕೊಳ್ಳಿ. ಕೊನೆಗೆ ಗ್ರಾಫಿಕ್ಸ್ ಕಾರ್ಡನ್ನು ಮೇಲಿನ ಉದ್ದ ಸ್ಲಾಟಿಗೆ ಕೂರಿಸಿ ಸ್ಕ್ರೂ ಬಿಗಿಯುವುದು.

ಸ್ವಿಚ್ ಹಾಕಿದಾಗ

ನನ್ನ ಎರಡನೆಯ ತಪ್ಪು ಬಯಲಾದದ್ದು ಆಗ. ‘ಮಾಮ, ಫ್ಯಾನೆಲ್ಲ ತಿರುಗ್ತಿದೆ, ಸ್ಕ್ರೀನ್ ಮಾತ್ರ ಬರ್ತಿಲ್ಲ’ ಎಂದಳು ಅಕ್ಕನ ಮಗಳು. ಅರ್ಧ ಗಂಟೆ ರ‍್ಯಾಮ್ ಕಿತ್ತು ಹಾಕಿ, ಕಾರ್ಡು ಕಿತ್ತು ಹಾಕಿ ಬೆವರಿದ ಮೇಲೆ ಅವಳೇ ಹಿಂದೆ ಬಗ್ಗಿ ನೋಡಿದಳು: ಎಚ್‌ಡಿಎಂಐ ಕೇಬಲನ್ನು ನಾನು ಮದರ್‌ಬೋರ್ಡಿನ ಕಿಂಡಿಗೆ ಸಿಕ್ಕಿಸಿದ್ದೆ. 5600ರ ಒಳಗೆ ಗ್ರಾಫಿಕ್ಸ್ ಇಲ್ಲದ್ದರಿಂದ ಆ ಕಿಂಡಿ ಅಲಂಕಾರಕ್ಕಷ್ಟೇ. ಕೇಬಲ್ ಕೆಳಗಿನ ಕಾರ್ಡಿಗೆ ಹೋಗಬೇಕು. ಅದೂ ಸರಿಯಿದ್ದು ತೆರೆ ಕಪ್ಪಗಿದ್ದರೆ ಬೋರ್ಡಿನ ಅಂಚಿನಲ್ಲಿರುವ ಪುಟ್ಟ ದೀಪಗಳನ್ನು ನೋಡಿ. ಸಿಪಿಯು ದೀಪ ಉಳಿದಿದ್ದರೆ 8 ಪಿನ್ನಿನ ಕೇಬಲ್, ಡಿರ‍್ಯಾಮ್ ದೀಪ ಉಳಿದಿದ್ದರೆ ಅರೆಬರೆ ಕೂತ ರ‍್ಯಾಮ್, ವಿಜಿಎ ದೀಪ ಉಳಿದಿದ್ದರೆ ಕಾರ್ಡು ಅಥವಾ ಅದರ ಕೇಬಲ್ ಮೊದಲ ಅನುಮಾನ. ಡಿಡಿಆರ್5 ಹಾಕಿದವರು ಮೊದಲ ಸಲ ಕೆಲವು ನಿಮಿಷ ಕಪ್ಪು ತೆರೆಯನ್ನೇ ನೋಡಬೇಕಾಗಬಹುದು. ಬೋರ್ಡ್ ರ‍್ಯಾಮನ್ನು ಪಳಗಿಸಿಕೊಳ್ಳುತ್ತಿರುತ್ತದೆ, ಗಾಬರಿಯಿಂದ ಸ್ವಿಚ್ ಆರಿಸಬೇಡಿ.

ಬಯಾಸ್, ಅಂದರೆ ವಿಂಡೋಸ್‌ಗಿಂತ ಮೊದಲು ಸಿಗುವ ಬೋರ್ಡಿನ ಸೆಟ್ಟಿಂಗ್ ಪುಟ, ತೆರೆದುಕೊಂಡ ಮೇಲೆ ಕಡ್ಡಿಗಳನ್ನು ಅವುಗಳ ಪೂರ್ಣ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಚಾಲೂ ಮಾಡಬೇಕು. 3200ರ ರ‍್ಯಾಮ್ ಕೊಂಡು ಅದು 2133 ಅಥವಾ 2400ರಲ್ಲಿ ಓಡುತ್ತಿರುವುದು ತಿಳಿಯದೆ ವರ್ಷಗಳನ್ನು ಕಳೆದವರಿದ್ದಾರೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಈಗಿನ ವೇಗ ಕಾಣುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ವಿಂಡೋಸ್ 11 ಹಾಕುವುದೇ ಸರಿ. ಹಾಕುವಾಗ ಅದು ಇಂಟರ್ನೆಟ್ ಕೇಳಿ, ಬೋರ್ಡಿನ ಲ್ಯಾನ್ ಡ್ರೈವರ್ ಇಲ್ಲದೆ ಅಲ್ಲೇ ನಿಂತರೆ, ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲಿನಿಂದ ಸೇರಿಸಿ ಟೆದರಿಂಗ್ ಹಾಕಿದರೆ ದಾರಿ ಸಿಗುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟನ್ನೂ, ಅಂದರೆ ತೆರೆ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬುದನ್ನೂ ನೋಡಿ. 144 ಹರ್ಟ್ಜ್ ಮಾನಿಟರನ್ನು ವಿಂಡೋಸ್ ತಾನಾಗಿ 60ರಲ್ಲೇ ಇಟ್ಟಿರುವುದುಂಟು. ಎನ್‌ವಿಡಿಯಾದ ಡ್ರೈವರ್‌ಗಳಲ್ಲಿ ಗೇಮ್ ರೆಡಿ, ಸ್ಟುಡಿಯೋ ಎಂದು ಎರಡಿವೆ. ಓದುವ ಮಕ್ಕಳಿಗೆ ಸ್ಟುಡಿಯೋ ಹಾಕಿ, ಅದರಲ್ಲಿ ಆಟಗಳೂ ಚೆನ್ನಾಗಿಯೇ ಓಡುತ್ತವೆ.

ಬ್ಲೆಂಡರ್‌ನಲ್ಲಿ ಎರಡು ಕಡೆ ಹೇಳದಿದ್ದರೆ ದುಬಾರಿ ಕಾರ್ಡು ನಿದ್ದೆ ಮಾಡುತ್ತಿರುತ್ತದೆ. ಮೊದಲು ಪ್ರಿಫರೆನ್ಸಸ್‌ನ ಸಿಸ್ಟಮ್ ಪುಟದಲ್ಲಿ ಆಪ್ಟಿಕ್ಸ್ ಆರಿಸಬೇಕು, ಆಮೇಲೆ ಆಯಾ ಕಡತದ ರೆಂಡರ್ ಪುಟದಲ್ಲಿ ಡಿವೈಸ್ ಎಂಬಲ್ಲಿ ಜಿಪಿಯು ಎಂದು ಬದಲಿಸಬೇಕು. ಕನ್ನಡದಲ್ಲಿ ವಿನ್ಯಾಸ ಮಾಡುವವರಿಗೆ ಇನ್ನೊಂದು ಮಾತು: ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಬರೆದಾಗ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಸರಿದರೆ ಅದು ಫಾಂಟಿನ ತಪ್ಪೂ ಅಲ್ಲ, ಕಂಪ್ಯೂಟರಿನದೂ ಅಲ್ಲ, ಹಳೆಯ ಆವೃತ್ತಿಗಳಲ್ಲಿ ಟೈಪ್ ಪ್ರಿಫರೆನ್ಸಸ್‌ಗೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳಿಗಿರುವ ಟೆಕ್ಸ್ಟ್ ಎಂಜಿನ್ ಆರಿಸಿ, ಫೋಟೋಶಾಪ್ ಮುಚ್ಚಿ ತೆರೆದು, ಹೊಸ ಕಡತದಲ್ಲಿ ಬರೆದರೆ ಸರಿಹೋಗುತ್ತದೆ. ನೋಟೋ ಸಾನ್ಸ್ ಕನ್ನಡ, ಟಿರೋ ಕನ್ನಡ, ಬಲೂ ತಮ್ಮ ಈ ಮೂರೂ ಉಚಿತವಾಗಿ ಸಿಗುವ ಒಳ್ಳೆಯ ಫಾಂಟುಗಳು.

ಮೊದಲ ವಾರದಲ್ಲೇ ಕಂಪ್ಯೂಟರನ್ನು ಕಷ್ಟಕ್ಕೆ ಒಡ್ಡಿ ನೋಡಬೇಕು, ಏಕೆಂದರೆ ದೋಷವಿದ್ದರೆ ಬದಲಾಯಿಸಿಕೊಡುವುದು ಅಂಗಡಿಯವರಿಗೆ ಆಗ ಸುಲಭ. ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ಮಲಗಿ. ಬೆಳಿಗ್ಗೆ ಒಂದೇ ಒಂದು ದೋಷ ತೋರಿಸಿದರೂ ರ‍್ಯಾಮ್ ವಾಪಸ್ ಕೊಡಬೇಕು. ಒಂದು ಗಂಟೆ ರೆಂಡರ್, ಒಂದು ಗಂಟೆ ಆಟ ನಡೆಸುತ್ತ ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶದಲ್ಲಿ ಉಷ್ಣಾಂಶ ನೋಡಿ. ಪ್ರೊಸೆಸರ್ 90 ಡಿಗ್ರಿ ಮುಟ್ಟುತ್ತಿದ್ದರೆ ಕೂಲರ್ ಸರಿಯಾಗಿ ಕೂತಿಲ್ಲವೆಂದೇ ತಿಳಿಯಿರಿ. ಎಲ್ಲ ಪೆಟ್ಟಿಗೆಗಳನ್ನೂ ವಾರಂಟಿ ಮುಗಿಯುವ ತನಕ ಅಟ್ಟದ ಮೇಲಿಡಿ, ಬಿಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಶಾಖಕ್ಕೆ ಮಾಸುವ ಕಾಗದದ ಮೇಲೆ ಮುದ್ರಿಸಿದ ಬಿಲ್ ವರ್ಷದೊಳಗೆ ಬಿಳಿಯ ಹಾಳೆಯಾಗಿರುತ್ತದೆ. ಆರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು, ಬ್ಲೋವರಿನಿಂದ ಧೂಳು ಹಾರಿಸಿ.